ಗೋಡೆಯಾಚೆಯ ಬೈಗುಳ

ಸಿದ್ದಗಂಗಮ್ಮನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕಾಯಿಲೆ ಬಿದ್ದವರ ಬಗ್ಗೆ ಬರೆಯಲು ಕೂತರೆ ಎಲ್ಲರೂ ಅವರನ್ನು ಎತ್ತಿ ದೇವರ ಪಕ್ಕದಲ್ಲಿ ಕೂರಿಸಿಬಿಡುತ್ತಾರೆ. ಆಕೆ ಅಲ್ಲಿ ಕೂರುವ ಹೆಂಗಸಲ್ಲ. ಕೂರಿಸಿದರೆ ದೇವರಿಗೇ ಆಚೆ ಸರಿ ಎನ್ನುತ್ತಿದ್ದಳು.

ಕಳಸದ ಬಸ್‌ಸ್ಟ್ಯಾಂಡಿನಿಂದ ಮೇಲೆ ಹತ್ತುವ ಬೀದಿಯಲ್ಲಿ ಆಕೆಯ ಅಂಗಡಿ. ಕೊಡೆ, ಗಂಬೂಟು, ಕಂಬಳಿ, ಟಾರ್ಪಾಲು, ಕತ್ತಿ, ತೋಟದ ಕೆಲಸಕ್ಕೆ ಬೇಕಾದ ಹಗ್ಗ, ಗೋಣಿ ಎಲ್ಲ ಅಲ್ಲಿ ಸಿಗುತ್ತಿತ್ತು. ಅದರ ಪಕ್ಕದ್ದು ನನ್ನ ಜೆರಾಕ್ಸ್ ಅಂಗಡಿ. ಎರಡಕ್ಕೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ಚರಂಡಿ. ನಮ್ಮ ಜಗಳ ಆ ಚರಂಡಿಯದು. ನಾನು ಅಂಗಡಿ ಒರೆಸಿ ನೀರು ಚೆಲ್ಲಿದರೆ ಅದು ಆಕೆಯ ಬಾಗಿಲ ಮುಂದೆಯೇ ಹರಿದು ಹೋಗಬೇಕು, ಬೇರೆ ದಾರಿಯಿಲ್ಲ. ಹರಿಯುವಾಗ ಎರಡು ಹನಿ ಗಂಬೂಟಿನ ಪೆಟ್ಟಿಗೆಗೆ ಸಿಡಿಯುತ್ತಿತ್ತು. ಆ ಎರಡು ಹನಿಗೆ ನಾನು ವರ್ಷಾನುಗಟ್ಟಲೆ ಬೈಸಿಕೊಂಡಿದ್ದೇನೆ. ನನ್ನ ಹೆಸರು ಸುಭದ್ರಾ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೆ ಒಂದು ದಿನವೂ ಹಾಗೆ ಕರೆದವಳಲ್ಲ. ನಾನು ಆಕೆಗೆ 'ಜೆರಾಕ್ಸಿನವಳು', ಅಷ್ಟೇ.

ಅಂಗಡಿಯ ಹೊರಗೆ ಒಂದು ಮರದ ಬೆಂಚು ಇತ್ತು. ಬಸ್ಸಿಗೆ ಕಾಯುವವರೆಲ್ಲ ಅಲ್ಲಿ ಕೂರುತ್ತಿದ್ದರು. ಯಾರು ಕೂರಬೇಕು, ಯಾರು ಎಷ್ಟು ಹೊತ್ತು ಕೂರಬೇಕು ಎಂಬುದು ಮಾತ್ರ ಸಿದ್ದಗಂಗಮ್ಮನ ಅಧಿಕಾರಕ್ಕೆ ಬಿಟ್ಟದ್ದು. ಎಸ್ಟೇಟಿನ ಕೂಲಿಮನೆಗಳ ಲೈನಿನಿಂದ ಮೂಟೆ ಹೊತ್ತು ಬಂದ ಹೆಂಗಸರು ಮಧ್ಯಾಹ್ನದವರೆಗೆ ಕೂತರೂ ಆಕೆ ತುಟಿ ಬಿಚ್ಚುತ್ತಿರಲಿಲ್ಲ. ಬೀಡಿ ಹಚ್ಚಿದವನು, ಚೌಕಾಸಿ ಮಾಡಿದವನು, ಊರಿನವರ ಮನೆ ಸುದ್ದಿ ತೆಗೆದವನು, ಇವರಿಗೆಲ್ಲ ಒಂದೇ ಮಾತು: "ಎದ್ದೋಗು." ಒಮ್ಮೆ ಒಬ್ಬ ದೊಡ್ಡ ಪ್ಲಾಂಟರು ಬಂದು ಕೂತು, ಕೆಲಸದವರಿಗೆ ಕೊಡಲು ತೀರಾ ಕಡಿಮೆ ದರದ ಗಂಬೂಟು ತೋರಿಸಿ, ಒಂದು ಮಳೆಗಾಲ ಬಾಳಿಕೆ ಬಂದರೆ ಸಾಕು ಎಂದರಂತೆ. ಅವರಿಗೂ ಅದೇ ಮಾತು ಸಿಕ್ಕಿತು, ಮರ್ಯಾದೆಗೆ ಒಂದು 'ಎದ್ದೋಗಿ' ಆಗಿ. ಅವರು ಎದ್ದೂ ಹೋದರು. ಆ ದನಿಯಲ್ಲಿ ಹೇಳಿದರೆ ಯಾರಾದರೂ ಏಳುತ್ತಿದ್ದರು. ಮಾತು ಕಿವಿಗೆ ಬೀಳುವ ಮೊದಲೇ ಮೊಣಕಾಲು ನೆಟ್ಟಗಾಗುತ್ತಿತ್ತು.

ನಾನು ಮಾತ್ರ ಎದ್ದವಳಲ್ಲ. ಹಟಕ್ಕೆ ಆ ಬೆಂಚಿನ ತುದಿಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಆಕೆ ಹೇಳುತ್ತಿದ್ದಳು, ನಾನು ಪುಟ ತಿರುಗಿಸುತ್ತಿದ್ದೆ.

ಆಕೆಯ ಆಸ್ತಿ ಎಂದರೆ ಆ ನಾಲಿಗೆಯೇ. ಗಂಡ ಓಂಕಾರಪ್ಪ ಮೆತ್ತಗಿನ ಮನುಷ್ಯ. ಇದ್ದ ಸ್ವಲ್ಪ ಕಾಫಿ ತೋಟ ನೋಡಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು, ಯಾರು ಏನು ಕೇಳಿದರೂ ನೋಡೋಣ ಎನ್ನುತ್ತಿದ್ದರು. ಅಂಗಡಿ ಕಟ್ಟಿದ್ದು, ಮಗ ಪ್ರಸನ್ನಕುಮಾರನನ್ನು ಓದಿಸಿದ್ದು, ಹೋಲ್‌ಸೇಲಿನವರು ತೂತು ಟಾರ್ಪಾಲು ಕಳಿಸಿದಾಗ ಫೋನಿನಲ್ಲೇ ಅವರ ಜನ್ಮ ಜಾಲಾಡಿದ್ದು ಈಕೆ. ಸಂಸೆ ಕಡೆಗೆ ಹೋಗುವ ಖಾಸಗಿ ಬಸ್ಸೊಂದು ಸಂಜೆ ಟ್ರಿಪ್ ನಿಲ್ಲಿಸಿದಾಗ, ಕೊಡೆ ಕೊಳ್ಳಲು ಬಂದ ಅದರ ಮಾಲೀಕನನ್ನು ಬೆಂಚಿನ ಮೇಲೆ ಕೂರಿಸಿ, ಏಳಲು ಬಿಡದೆ ಬೈದಳು. ಮಾರನೇ ವಾರ ಬಸ್ಸು ಓಡಿತು. ಅದು ಜನಸೇವೆ ಎಂದು ನಾನು ಹೇಳುವುದಿಲ್ಲ. ಆಕೆಯ ಅರ್ಧ ಗಿರಾಕಿಗಳು ಸಂಸೆಯವರಾಗಿದ್ದರು.

ಬೈಗುಳದಷ್ಟೇ ಹೆಸರುವಾಸಿ ಆಕೆಯ ಮೌನ. ಜಗಳವಾದರೆ ಮಾತು ಬಿಡುವುದು ಅವರ ಮನೆಯಲ್ಲಿ ಒಂದು ಪದ್ಧತಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೆ, ಆದರೆ ಅಷ್ಟು ಕಟ್ಟುನಿಟ್ಟಾಗಿ ನಾನು ಬೇರೆಲ್ಲೂ ನೋಡಿಲ್ಲ. ಕಾಫಿ ಬೇಕಾದರೆ ಲೋಟ ಕುಟ್ಟುವುದು, ಗಿರಾಕಿಗೆ ಸಾಮಾನು ತೋರಿಸಬೇಕಾದರೆ ಕೊಡೆಯ ತುದಿ ಚಾಚುವುದು. ಗಂಡ ಹೇಳದೆ ಕೇಳದೆ ಹಲಸಿನ ಮರ ಕಡಿಸಿದ್ದಕ್ಕೆ ಒಂದಿಡೀ ಮಳೆಗಾಲ ಮಾತು ಬಿಟ್ಟು, ಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳಿ ಗಂಡನ ಕಿವಿಗೆ ಮುಟ್ಟಿಸಿದ್ದಳು. ಅಂಥ ಹೊತ್ತಿನಲ್ಲಿ ಯಾಕೆ ಮಾತಾಡುತ್ತಿಲ್ಲ ಎಂದು ಕೇಳುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಮನೆಯವರಿಗೂ ಗೊತ್ತು, ಬೀದಿಗೂ ಗೊತ್ತು. ಸಿದ್ದಗಂಗಮ್ಮ ಸುಮ್ಮನಿದ್ದರೆ ದೂರ ಇರಬೇಕು, ತಾನಾಗಿ ಇಳಿಯುವವರೆಗೆ ಕಾಯಬೇಕು. ನಮ್ಮೂರು ಚೆನ್ನಾಗಿ ಕಲಿತ ಪಾಠ ಅದೊಂದೇ.

ಹೋದ ಮಾರ್ಚಿನ ಒಂದು ಭಾನುವಾರ. ಹೂಮಳೆ ಬಿದ್ದು ಗುಡ್ಡವೆಲ್ಲ ಕಾಫಿ ಹೂವಿನಲ್ಲಿ ಬೆಳ್ಳಗಾಗಿತ್ತು. ಹೂವು ಬಂತೆಂದರೆ ಪ್ರವಾಸಿಗಳೂ ಬಂದರು ಎಂದೇ ಲೆಕ್ಕ. ಬೆಳಿಗ್ಗೆ ಏಳಕ್ಕೇ ಆಕೆಗೂ ಸೊಸೆ ಸೌಮ್ಯಳಿಗೂ ಜಗಳ. ಫೋನಿನಲ್ಲಿ ದುಡ್ಡು ಹಾಕುವ ಸ್ಟಿಕ್ಕರನ್ನು ಸೌಮ್ಯ ಒಂದು ಮಾತೂ ಕೇಳದೆ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ್ದಳು. ಈಕೆ ಅದನ್ನು ಉಗುರಿನಲ್ಲಿ ಕೆರೆದು ಕಿತ್ತಿದ್ದಳು. ಅತ್ತೆ ಸೊಸೆ ಮಾತು ಬಿಟ್ಟರು. ನನಗೆ ಗೋಡೆಯಾಚೆಯಿಂದ ಎಲ್ಲವೂ ಕೇಳಿಸಿತ್ತು, ಸಂತೋಷವೂ ಆಗಿತ್ತು.

ಒಂಬತ್ತೂವರೆಯ ಹೊರನಾಡು ಬಸ್ಸು ಹೊರಡುವ ಹೊತ್ತಿಗೆ ಬೆಂಗಳೂರಿನ ಕಾರೊಂದು ಬಂದು ಅಂಗಡಿಗೆ ಅಡ್ಡ ನಿಂತಿತು. ಅದರಿಂದ ಇಳಿದವನು ಬೆಂಚಿನ ಮೇಲೆ ಕಾಲು ನೀಡಿ ಕೂತು ಚಿಪ್ಸ್ ತಿನ್ನತೊಡಗಿದ. ಸಿದ್ದಗಂಗಮ್ಮನ ಮೌನ ಮನೆಯವರಿಗೆ, ಊರಿನವರಿಗೆ ಮಾತ್ರ, ಪರವೂರಿನವರಿಗಲ್ಲ. ಗೋಡೆಯಾಚೆಯಿಂದ ಗಂಟೆ ಹೊಡೆದ ಹಾಗೆ ಕೇಳಿತು: "ಎದ್ದೋಗು." ಕಾರು ಹೋಯಿತು, ಹಿಂದೆಯೇ ಬಸ್ಸೂ ಹೋಯಿತು. ಆಮೇಲೆ ಆ ಕಡೆ ಸದ್ದಿಲ್ಲ.

ಆಮೇಲಿನದನ್ನು ನೆನೆದರೆ ಮೈ ಉರಿಯುತ್ತದೆ. ಕಂಬಳಿ ಕೊಳ್ಳಲು ಬಂದ ಸಿದ್ದಬಸಪ್ಪ ಬಾಗಿಲಲ್ಲಿ ಇಣುಕಿ ನೋಡಿ ನನ್ನ ಹತ್ತಿರ ಬಂದು, ಇವತ್ತು ಅಮ್ಮಂದು ಮೌನ, ನಾಳೆ ಬರ್ತೇನೆ ಎಂದು ಪಿಸುಗುಟ್ಟಿ ಹೋದ. ಓಂಕಾರಪ್ಪ ಏನೋ ಕೇಳಲು ಬಂದವರು, ಹೆಂಡತಿ ಕಂಬಳಿ ಅಟ್ಟಿಗೆ ಒರಗಿ ಮುಖ ಆಚೆ ತಿರುಗಿಸಿದ್ದು ನೋಡಿ, ಚಪ್ಪಲಿಯ ಸದ್ದೂ ಆಗದಂತೆ ಹಿಂದೆ ಸರಿದರು. ಸೌಮ್ಯ ಕಾಫಿ ಫ್ಲಾಸ್ಕು ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಅತ್ತೆಯ ಕಡೆ ನೋಡದೆ ಹೋದಳು. ಒಬ್ಬರಾದ ಮೇಲೆ ಒಬ್ಬರು ಬಂದು, ಆಕೆಯ ಕೋಪಕ್ಕೆ ಮರ್ಯಾದೆ ಕೊಟ್ಟು ಹೋದರು.

ನನಗೆ ಆ ಮರ್ಯಾದೆಯ ಹಂಗಿರಲಿಲ್ಲ. ಭಾನುವಾರ ನಾನು ಹತ್ತೂವರೆಗೇ ಅಂಗಡಿ ಮುಚ್ಚುತ್ತೇನೆ. ಒರೆಸಿದೆ, ಬಕೆಟ್ ನೀರನ್ನು ಚರಂಡಿಗೆ ಚೆಲ್ಲಿದೆ, ಬೈಗುಳಕ್ಕೆ ತಯಾರಾಗಿ ನಿಂತೆ. ಬರಲಿಲ್ಲ. ಮನೆಯವರ ಜೊತೆ ಎಷ್ಟೇ ಮಾತು ಬಿಟ್ಟಿದ್ದರೂ ನನ್ನ ನೀರಿಗೆ ಆಕೆ ಬೈಯದೆ ಇದ್ದ ದಿನವಿಲ್ಲ. ಹಲಸಿನ ಮರದ ಮಳೆಗಾಲದಲ್ಲೂ ಬೈದಿದ್ದಳು. ಇನ್ನೊಂದು ಬಕೆಟ್ ತುಂಬಿ, ಬೇಕೆಂದೇ ಗಂಬೂಟಿನ ಪೆಟ್ಟಿಗೆ ಪೂರ್ತಿ ತೊಯ್ಯುವಂತೆ ಎರಚಿದೆ. ಆಗಲೂ ಇಲ್ಲ. ಬಕೆಟ್ ಅಲ್ಲೇ ಬಿಟ್ಟು ಓಡಿದೆ.

ಸ್ಟೂಲಿನ ಮೇಲೆ, ಕಂಬಳಿ ಅಟ್ಟಿಗೆ ಒರಗಿ ಕೂತಿದ್ದಳು. ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡಿದ್ದಳು, ಯಾರೋ ಗಿರಾಕಿ ಮರೆತು ಹೋದ ಸಾಮಾನನ್ನು ಎತ್ತಿಟ್ಟುಕೊಂಡ ಹಾಗೆ. ಬಾಯಿ ಒಂದು ಕಡೆಗೆ ಎಳೆದಿತ್ತು, ಜೊಲ್ಲು ಸೆರಗಿಗೆ ಇಳಿದಿತ್ತು. ಕಣ್ಣು ಮಾತ್ರ ಕೆಂಡದ ಹಾಗಿತ್ತು. ಆ ಕಣ್ಣು ನನ್ನನ್ನು ಬೈಯುತ್ತಿತ್ತು, ಬಾಯಿಂದ ಬರೀ ಉಸಿರು ಬಂತು.

ನಾನು ಕೂಗಿಕೊಂಡೆ. ಸೌಮ್ಯ ಬಂದಳು, ಬಂದವಳು ಬಾಗಿಲಲ್ಲೇ ಕಲ್ಲಾದಳು.

"ಕೋಪದಲ್ಲಿ ಕೂತಿದ್ದಾರೆ ಅಂದ್ಕೊಂಡೆ ಸುಭದ್ರಕ್ಕಾ" ಎಂದಳು.

ನಮ್ಮೂರಿನಲ್ಲಿ ದವಾಖಾನೆ ಇಟ್ಟುಕೊಂಡಿರುವ ಡಾಕ್ಟರಮ್ಮ ಭಾನುವಾರವಾದರೂ ಮನೆಯಿಂದ ಓಡಿ ಬಂದರು. ಎರಡೂ ಕೈ ಎತ್ತಿಸಿ ನೋಡಿದರು, ಒಂದು ಎದ್ದಿತು, ಒಂದು ಏಳಲಿಲ್ಲ. ಬಿ.ಪಿ. ನೋಡಿದರು. ಮಿದುಳಿಗೆ ಹೋಗುವ ರಕ್ತ ಎಲ್ಲೋ ಕಟ್ಟಿಕೊಂಡಿರಬೇಕು, ಸ್ಕ್ಯಾನ್ ಆಗದೆ ಏನೂ ಕೊಡುವ ಹಾಗಿಲ್ಲ, ಕಟ್ಟಿದ್ದನ್ನು ಕರಗಿಸಲು ಇಂಜೆಕ್ಷನ್ ಇದೆ, ಆದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬಿದ್ದರೆ ಮಾತ್ರ ಎಂದರು. ಬಿದ್ದರೆ ಮಾತು ಉಳಿಯಬಹುದು.

"ನರದ ಡಾಕ್ಟ್ರು ಯಾವಾಗ್ಲೂ ಇರೋ ಕಡೆ ಹೋಗಿ. ನನ್ನ ಕೇಳಿದ್ರೆ ಘಾಟಿ ಇಳೀರಿ" ಎಂದರು.

ಘಾಟಿ ಇಳಿದು ಕರಾವಳಿಗೆ ಹೋದರೂ, ಮೇಲೆ ಚಿಕ್ಕಮಗಳೂರಿಗೆ ಹೋದರೂ ನಮಗೆ ದೂರದಲ್ಲಿ ಅಂಥ ವ್ಯತ್ಯಾಸವಿಲ್ಲ. ಎರಡೂ ದೂರವೇ. ಕೆಳಗಿನವರು ಆಸ್ಪತ್ರೆಯ ಮೇಲೆ ಆಸ್ಪತ್ರೆ ಕಟ್ಟಿಕೊಂಡು, ಊರು ತುಂಬ ತಜ್ಞರನ್ನು ಇಟ್ಟುಕೊಂಡಿದ್ದಾರೆ. ನಾವು ಇರುವುದು ಮಾತ್ರ ಈ ಗುಡ್ಡದ ಜಿಲ್ಲೆಯಲ್ಲಿ. ಮಾಲು ತರಲು ಶಿವಮೊಗ್ಗಕ್ಕೆ ಹೋಗಿದ್ದ ಪ್ರಸನ್ನಕುಮಾರ ಫೋನಿನಲ್ಲಿ, ಚಿಕ್ಕಮಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಹೆಸರು ಹೇಳಿದ. ಅಲ್ಲಿ ಪರಿಚಯ ಇದೆ, ಚಿಕ್ಕಪ್ಪನ ಮಗಳು ತನುಜಾ ರಿಸೆಪ್ಶನ್ನಿನಲ್ಲಿದ್ದಾಳೆ ಎಂದ. ನರದ ಡಾಕ್ಟರು ಇದ್ದಾರೋ ಇಲ್ಲವೋ ಕೇಳಿ ಎಂದೆ. ಓಂಕಾರಪ್ಪ ಜೀವನದಲ್ಲಿ ಮೊದಲ ಸಲ ನೋಡೋಣ ಎನ್ನದೆ ಒಂದು ತೀರ್ಮಾನ ಮಾಡಿದರು. "ಪರಿಚಯ ಇರೋ ಕಡೆಗೇ ಹೋಗುವ" ಎಂದರು.

ಅವರನ್ನು ಅಲ್ಲೇ ಹಿಡಿದು ಅಲ್ಲಾಡಿಸಬೇಕೆನಿಸಿತು. ಆದರೆ ಇದು ಅವರೊಬ್ಬರ ಬುದ್ಧಿಯಲ್ಲ. ನಮ್ಮ ಕಡೆಯವರು ಆಸ್ಪತ್ರೆಯನ್ನು ಆರಿಸುವುದೇ ಹೀಗೆ. ಅಲ್ಲಿ ಏನು ಸಿಗುತ್ತದೆ ಎಂದು ಕೇಳುವುದಿಲ್ಲ, ಯಾರಿದ್ದಾರೆ ಎಂದು ಕೇಳುತ್ತೇವೆ. ಯಾವುದೂ ಸುಮ್ಮನೆ ಸಿಗದ ಜಾಗದಲ್ಲಿ ಬಾಳಿದವರು ಮುಖಪರಿಚಯವನ್ನೇ ಔಷಧಿ ಎಂದು ನಂಬಿಕೊಳ್ಳುತ್ತಾರೆ. ನಮಗೆ ಹಾಗೆ ಅಭ್ಯಾಸ ಮಾಡಿಸಿದವರು ಯಾರೋ ಅವರ ಮೇಲೆಯೂ ನನಗೆ ಸಿಟ್ಟಿದೆ.

ಆಂಬುಲೆನ್ಸ್ ಹೆರಿಗೆ ಕೇಸು ಹಾಕಿಕೊಂಡು ಹೊರಟುಹೋಗಿತ್ತು. ಅದು ಆ ಗರ್ಭಿಣಿಯ ತಪ್ಪಲ್ಲ. ನನ್ನ ಆಲ್ಟೊ ಇತ್ತು. ಮುಂದೆ ಓಂಕಾರಪ್ಪ, ಹಿಂದೆ ಸೌಮ್ಯಳ ತೊಡೆಯ ಮೇಲೆ ಆಕೆಯ ತಲೆ. ನನ್ನ ಕಾರಿನ ಸೀಟಿಗೆ ಆಕೆಯ ಸೆರಗು ತಾಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹೊರಟಾಗ ಹನ್ನೊಂದು ದಾಟಿತ್ತು. ಒಂಬತ್ತೂವರೆಗೆ ಬೈದದ್ದು ನನ್ನ ಕಿವಿಯಲ್ಲೇ ಇತ್ತು. ಹಾಗಾಗಿ ಎರಡು ಗಂಟೆಯವರೆಗೆ ಕಾಲ ಇದೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಮಾಗುಂಡಿ ದಾಟಿದ ಮೇಲೆ ಒಂದು ತಿರುವಿನಲ್ಲಿ ನಾಲ್ಕು ಕಾರು ರಸ್ತೆಯಲ್ಲೇ ನಿಂತಿದ್ದವು. ಬೇಲಿಯೊಳಗೆ ನುಗ್ಗಿ, ಹೂವಿರುವ ರೆಂಬೆಯನ್ನೇ ಮುರಿದು ತಲೆಗೆ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಾರ್ನ್ ಒತ್ತಿದೆ. ಒಬ್ಬ ತಿರುಗಿ ನೋಡದೆ ಬೆರಳೆತ್ತಿ, ಒಂದು ನಿಮಿಷ ಎಂದು ತೋರಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿ ತೆರೆದೆ. ಬಂದದ್ದು ನನ್ನ ಮಾತಲ್ಲ, ವರ್ಷಗಟ್ಟಲೆ ಗೋಡೆಯಾಚೆಯಿಂದ ಕೇಳಿ ಕಲಿತ ಸಿದ್ದಗಂಗಮ್ಮನ ಬೈಗುಳ. ಅವನಪ್ಪನಿಂದ ಶುರುಮಾಡಿ ಅವನ ಕಾರಿನ ಚಕ್ರದವರೆಗೆ ಬೈದೆ. ಅವರು ದಡಬಡನೆ ಕಾರು ಸರಿಸಿದರು. ಹಿಂದಿನಿಂದ ಒಂದು ಗುಟುರು ಕೇಳಿತು. ಕನ್ನಡಿಯಲ್ಲಿ ನೋಡಿದರೆ ಆಕೆಯ ಕಣ್ಣು ನನ್ನ ಮೇಲಿತ್ತು, ಇನ್ನೂ ಚೆನ್ನಾಗಿ ಬೈಯಬಹುದಿತ್ತು ಎಂಬ ಹಾಗೆ. ಬಾಳೆಹೊನ್ನೂರು, ಆಲ್ದೂರು ಹೇಗೆ ಕಳೆಯಿತೋ ಗೊತ್ತಿಲ್ಲ. ಹೂವಿನ ವಾಸನೆ ಕಾರಿನೊಳಗೆಲ್ಲ ತುಂಬಿಕೊಂಡಿತ್ತು. ಆ ವಾಸನೆ ಈಗ ನನಗೆ ಸೇರುವುದಿಲ್ಲ.

ಆಸ್ಪತ್ರೆ ಮುಟ್ಟಿದಾಗ ಒಂದೂವರೆ. ಪರಿಚಯದಿಂದ ಏನು ಸಿಕ್ಕಿತು ಹೇಳುತ್ತೇನೆ. ಸ್ಟ್ರೆಚರ್ ಬೇಗ ಸಿಕ್ಕಿತು, ನಮಗೆ ಕೂರಲು ಕುರ್ಚಿ ಸಿಕ್ಕಿತು. ತನುಜಾ ಪಾಪ ಓಡಾಡಿದಳು. ಸ್ಕ್ಯಾನ್ ಕೂಡ ಕೂಡಲೇ ಆಯಿತು. ಕೂತ ಕುರ್ಚಿಯ ಎದುರಿಗೇ ಒಂದು ಬೋರ್ಡು. ಹೃದಯ ತಜ್ಞರು ಇಂತಿಂಥ ವಾರ, ಮೂತ್ರಪಿಂಡ ತಜ್ಞರು ಇಂತಿಂಥ ವಾರ. ನರರೋಗ ತಜ್ಞರು, ಎರಡನೇ ಮತ್ತು ನಾಲ್ಕನೇ ಶನಿವಾರ. ನಾನು ತನುಜಾಳನ್ನು ಕೇಳಿದೆ. ನಿನ್ನೆ ಬಂದಿದ್ದರು, ಸಂಜೆಗೇ ವಾಪಸು ಹೋದರು ಎಂದಳು.

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಲಕ್ವ ಹೊಡೆಯುವುದಿದ್ದರೆ ಶನಿವಾರ ಹೊಡೆಯಬೇಕು, ಅದೂ ಎರಡನೆಯದೋ ನಾಲ್ಕನೆಯದೋ ನೋಡಿಕೊಂಡು. ಕಾಫಿ ಬೋರ್ಡು, ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸು, ಬೆಟ್ಟಕ್ಕೊಂದು ರೆಸಾರ್ಟು, ಎಲ್ಲ ಇರುವ ಊರಿದು. ಇಲ್ಲಿಯ ಕಾಫಿ ವಿಮಾನ ಹತ್ತುತ್ತದೆ. ಇಲ್ಲಿಯ ಜನ ಮಾತ್ರ ತಜ್ಞರು ಬರುವವರೆಗೆ ಕಾಯಿಲೆಯನ್ನು ಬೆಂಚಿನ ಮೇಲೆ ಕೂರಿಸಿಟ್ಟಿರಬೇಕು.

ಡ್ಯೂಟಿಯಲ್ಲಿದ್ದದ್ದು ಒಬ್ಬ ಎಳೆಯ ಡಾಕ್ಟರು, ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಸ್ಕ್ಯಾನ್ ನೋಡಿ ಬಂದು, ಒಳಗೆ ರಕ್ತಸ್ರಾವ ಇಲ್ಲ, ಕಟ್ಟಿಕೊಂಡಿರುವುದೇ, ಇಂಜೆಕ್ಷನ್ನೂ ಇದೆ ಎಂದರು. ಹಾಗೆನ್ನುವಾಗ ಅವರ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಆಮೇಲೆ, ಆಕೆ ಕೊನೆಯ ಸಲ ಸರಿಯಿದ್ದದ್ದನ್ನು ಯಾರು ನೋಡಿದಿರಿ, ಯಾವಾಗ ಎಂದು ಕೇಳಿದರು. ಸೌಮ್ಯ ತಲೆ ತಗ್ಗಿಸಿ, ಬೆಳಿಗ್ಗೆ ಏಳಕ್ಕೆ, ಜಗಳವಾಡುವಾಗ ಎಂದಳು. ಓಂಕಾರಪ್ಪ, ತಾನೂ ಆಮೇಲೆ ಮಾತಾಡಿಸಿಲ್ಲ ಎಂದರು. ಡಾಕ್ಟರ ಮುಖ ಇಳಿಯಿತು. ಏಳರಿಂದ ಲೆಕ್ಕ ಹಿಡಿದರೆ ಕಾಲ ಯಾವಾಗಲೋ ಮುಗಿದಿದೆ ಎಂದರು.

"ಏಳಲ್ಲ, ಒಂಬತ್ತೂವರೆ" ಎಂದೆ ನಾನು. "ಹೊರನಾಡು ಬಸ್ಸು ಹೊರಡುವಾಗ ಮಾತಾಡಿದ್ದಾರೆ."

ನೀವು ಯಾರು ಎಂದು ಕೇಳಿದರು. ಪಕ್ಕದ ಅಂಗಡಿಯವಳು ಎಂದೆ. ನೋಡಿದಿರಾ ಎಂದರು. ನೋಡಿಲ್ಲ, ಕೇಳಿದೆ, ಒಬ್ಬನಿಗೆ ಬೈದರು ಎಂದೆ. ಮಾತು ತೊದಲುತ್ತಿರಲಿಲ್ಲವಾ ಎಂದರು.

"ಡಾಕ್ಟ್ರೇ, ಆ ಗಂಟಲನ್ನ ನಾನು ದಿನಾ ಕೇಳ್ತೇನೆ. ಒಂದಕ್ಷರ ಆಚೀಚೆ ಆಗಿರಲಿಲ್ಲ" ಎಂದೆ.

ಆ ಹುಡುಗ ನನ್ನನ್ನು ನಂಬಿದ. ಅದಕ್ಕೆ ಅವನಿಗೆ ಪುಣ್ಯ ಬರಲಿ. ಆದರೆ ತಜ್ಞರ ಒಂದು ಮಾತಿಲ್ಲದೆ ಆ ಇಂಜೆಕ್ಷನ್ ಚುಚ್ಚುವ ಹಾಗಿರಲಿಲ್ಲ. ತಪ್ಪಿದರೆ ತಲೆಯೊಳಗೇ ರಕ್ತ ಹರಿಯಬಹುದಂತೆ. ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ತನುಜಾ ಬೇರೊಂದು ನಂಬರಿಗೆ ಮಾಡಿದಳು. ತಜ್ಞರು ಬೇರೆ ಊರಿನಲ್ಲಿ ಬೇರೆ ಆಸ್ಪತ್ರೆಯ ಕೆಲಸದಲ್ಲಿದ್ದರು. ಗೋಡೆಯ ಗಡಿಯಾರ ನನ್ನ ನೆತ್ತಿಯ ಮೇಲೆಯೇ ಇತ್ತು. ಪರದೆಯ ಆಚೆ ಸಿದ್ದಗಂಗಮ್ಮ ಮಂಚದ ಕಂಬಿಯನ್ನು ಎಡಗೈಯಿಂದ ಕುಟ್ಟುತ್ತಿದ್ದಳು, ಮನೆಯಲ್ಲಿ ಲೋಟ ಕುಟ್ಟುವ ಹಾಗೆ. ಯಾರಾದರೂ ಬನ್ನಿ ಎಂದು ಅರ್ಥ. ಎಲ್ಲರೂ ಅಲ್ಲೇ ಇದ್ದೆವು, ಬರಬೇಕಾದವರು ಒಬ್ಬರು ಬಿಟ್ಟು.

ಫೋನ್ ವಾಪಸು ಬಂದದ್ದು ಎರಡು ದಾಟಿದ ಮೇಲೆ. ಹುಡುಗ ಕಿವಿಗೆ ಹಿಡಿದುಕೊಂಡು ಹೂಂ ಸರ್, ಹೂಂ ಸರ್ ಎಂದ. ಆಮೇಲೆ ನಮ್ಮ ಮುಂದೆ ಬಂದು ನಿಂತು, ಇನ್ನು ಆ ಇಂಜೆಕ್ಷನ್ ಬೇಡವಂತೆ ಎಂದ. ಬೆಂಗಳೂರಿಗೆ ಕರೆದುಕೊಂಡು ಹೋದರೆ ತಂತಿ ಹಾಕಿ ಕಟ್ಟಿದ್ದನ್ನು ತೆಗೆಯುವ ಉಪಾಯವೊಂದಿದೆ, ಆದರೆ ಅಷ್ಟು ಹೊತ್ತಿಗೆ ಏನು ಉಳಿದಿರುತ್ತದೋ ಹೇಳಲಾರೆ ಎಂದ. ಓಂಕಾರಪ್ಪ ಕೇಳಿದ್ದು ಒಂದೇ.

"ಮಾತು ಬರ್ತದಾ?"

ಹುಡುಗ ಸ್ಕ್ಯಾನಿನ ಫಿಲ್ಮನ್ನು ಕವರಿಗೆ ಹಾಕತೊಡಗಿದ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. ಬೈಯಬೇಕಾದವರು ಅಲ್ಲಿರಲಿಲ್ಲ, ಯಾವತ್ತೂ ಇರುವುದಿಲ್ಲ. ಎದುರಿಗೆ ಇದ್ದವನಿಗೆ ಬೈಸಿಕೊಳ್ಳುವ ಕೆಲಸ.

ಸಿದ್ದಗಂಗಮ್ಮ ಸಾಯಲಿಲ್ಲ. ವಾರ ಕಳೆದು ಕಳಸಕ್ಕೆ ಬಂದಳು. ಬಲಗೈ ಪೂರ್ತಿ ಹೋಯಿತು, ಬಲಗಾಲು ಅರ್ಧ ಹೋಯಿತು. ಕತ್ತಿ ಎಂದರೆ ಯಾವುದು, ಕೊಡೆ ಎಂದರೆ ಯಾವುದು ಎಲ್ಲ ತಿಳಿಯುತ್ತದೆ, ಹೇಳಲು ಬರುವುದಿಲ್ಲ. ಒಂದು ಬೆಳಿಗ್ಗೆ ಸೌಮ್ಯ ಗಂಜಿ ಕುಡಿಸುವಾಗ ಬಾಯಿ ತೆರೆದು, ಚೆನ್ನಾಗಿ, ಒಂದಕ್ಷರ ಆಚೀಚೆ ಇಲ್ಲದೆ ಹೇಳಿದಳಂತೆ: "ಎದ್ದೋಗು." ಸೌಮ್ಯ ಕುಣಿದಾಡುತ್ತ ಬೀದಿಗೆಲ್ಲ ಹೇಳಿದಳು. ಮಾತು ಬಂತು ಎಂದುಕೊಂಡೆವು. ಆಮೇಲೆ ತಿಳಿಯಿತು, ಬಂದದ್ದು ಅದೊಂದೇ. ಡಾಕ್ಟರಮ್ಮ ಹೇಳಿದರು, ಹೀಗಾಗುವುದುಂಟಂತೆ. ಮಾತಿನ ಮನೆ ಪೂರ್ತಿ ಸುಟ್ಟುಹೋದರೂ ದಿನಾ ಬಾಯಲ್ಲಿ ಹೊರಳಿದ ಒಂದೆರಡು ಮಾತು ಉಳಿದುಕೊಳ್ಳುತ್ತದಂತೆ. ಕೆಲವರಿಗೆ ದೇವರ ಹೆಸರು ಉಳಿಯುತ್ತದೆ. ಈಕೆಗೆ ಇದು ಉಳಿಯಿತು.

ಹಸಿವಾದರೆ ಎದ್ದೋಗು. ಕಾಲು ನೋವಾದರೆ ಎದ್ದೋಗು. ಮನೆಗೆ ಬಂದ ಜಂಗಮರು ವಿಭೂತಿ ಹಚ್ಚಿದಾಗ, ಕಣ್ಣಲ್ಲಿ ನೀರು ತುಂಬಿಕೊಂಡು ಅವರಿಗೂ ಎದ್ದೋಗು ಎಂದಳು. ಅವರು ತಲೆ ಸವರಿ ನಕ್ಕರು. ಯಾವ ಎದ್ದೋಗಿಗೆ ನೀರು, ಯಾವುದಕ್ಕೆ ಹೊದಿಕೆ ಎಂದು ಸೌಮ್ಯ ಕಲಿತುಕೊಂಡಳು. ಸ್ಟಿಕ್ಕರ್ ಮತ್ತೆ ಗಲ್ಲಾಪೆಟ್ಟಿಗೆಯ ಮೇಲೆ ಬಂತು. ಮಾತು ಕಲಿಸುವವರು ಮಂಗಳೂರಿನಲ್ಲಿದ್ದಾರೆ, ಅವರು ವಾರಕ್ಕೆರಡು ಸಲ ಕರೆದುಕೊಂಡು ಬನ್ನಿ ಎಂದರು. ಕುದುರೆಮುಖದ ದಾರಿಯಲ್ಲಿ ಘಾಟಿ ಇಳಿದು ಹತ್ತಿ, ಎರಡನೇ ಸಲಕ್ಕೇ ಆಕೆ ಕಾರು ಹತ್ತಲು ಒಪ್ಪಲಿಲ್ಲ. ಹೇಗೆ ಹೇಳಿದಳು ಎಂದು ಬೇರೆ ಹೇಳಬೇಕಾಗಿಲ್ಲ. ಬೆಂಚಿನ ಮೇಲೆ ಈಗ ಯಾರು ಬೇಕಾದರೂ ಕೂರುತ್ತಾರೆ, ಬೀಡಿ ಸೇದುತ್ತಾರೆ. ನಾನು ಮಾತ್ರ ಹೋಗಿ ಕೂರುವುದನ್ನು ಬಿಟ್ಟಿದ್ದೆ.

ದೀಪಾವಳಿ ಕಳೆದ ಮೇಲೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯವರು ಊರಿಗೆ ಬಂದರು. ಪಾರ್ಶ್ವವಾಯು ಅರಿವು ಶಿಬಿರವಂತೆ. ಕರಪತ್ರದ ಪ್ರತಿ ತೆಗೆಯಲು ನನ್ನಲ್ಲಿಗೇ ತಂದರು. ತಡ ಮಾಡಬೇಡಿ, ಕೂಡಲೇ ನಮ್ಮಲ್ಲಿಗೆ ಬನ್ನಿ ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಅವರ ವಿಳಾಸಗಳು. ಒಂದೂ ನಮ್ಮ ಜಿಲ್ಲೆಯದಲ್ಲ.

ಸಮುದಾಯ ಭವನ ತುಂಬಿತ್ತು. ಊಟದ ಏರ್ಪಾಡೂ ಇತ್ತಲ್ಲ. ಕಾಯಿಲೆ ಗೆದ್ದವರಿಗೆ ಸನ್ಮಾನ ಎಂದು ಸಿದ್ದಗಂಗಮ್ಮನನ್ನೂ ಕರೆಸಿ, ಓಂಕಾರಪ್ಪನವರಿಂದ ಒಪ್ಪಿಗೆ ಪಡೆದು, ವೇದಿಕೆಯ ಮೇಲೆ ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಆಕೆ ಏನನ್ನು ಗೆದ್ದಿದ್ದಾಳೆ ಎಂದು ನನಗೆ ಗೊತ್ತಾಗಲಿಲ್ಲ. ಭಾಷಣ ಮಾಡಿದ ಡಾಕ್ಟರು ಒಳ್ಳೆಯ ಕೋಟು ಹಾಕಿದ್ದರು. ಪರದೆಯ ಮೇಲೆ ಮಿದುಳಿನ ಚಿತ್ರ ತೋರಿಸಿದರು, ಪ್ರತಿ ನಿಮಿಷಕ್ಕೆ ಎಷ್ಟು ಜೀವಕೋಶ ಸಾಯುತ್ತದೆ ಎಂದು ಹೇಳಿದರು. ಎಲ್ಲ ನಿಜವೇ ಇರಬೇಕು. ಆಮೇಲೆ ನಮ್ಮ ಕಡೆ ಕೈ ತೋರಿಸಿ ಹೇಳಿದರು.

"ಚಿಕಿತ್ಸೆ ಇದೆ. ನೀವೇ ಲೇಟಾಗಿ ಬರ್ತೀರಿ. ಹಳ್ಳಿ ಕಡೆ ಅರಿವಿನ ಕೊರತೆ ಜಾಸ್ತಿ."

ಕರಪತ್ರ ಮುದುರಿ ಉಂಡೆ ಮಾಡಿದೆ. ಎದ್ದು ಕೇಳಬೇಕೆಂದಿದ್ದೆ, ಅರಿವಿದ್ದು ಒಂದೂವರೆಗೇ ಬಂದು ಕೂತವರಿಗೆ ನೀವು ಯಾರಾದರೂ ಇದ್ದಿರಾ ಎಂದು. ಸುತ್ತ ಕೂತವರೆಲ್ಲ ತಪ್ಪು ಮಾಡಿದ ಮಕ್ಕಳ ಹಾಗೆ ತಲೆ ತಗ್ಗಿಸಿದ್ದರು. ಸೌಮ್ಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಏಳು ಗಂಟೆಯ ಆ ಜಗಳವನ್ನು ಅವಳು ಇನ್ನೂ ಹೊತ್ತುಕೊಂಡು ತಿರುಗುತ್ತಿದ್ದಾಳೆ ಎಂದು ಈ ಕೋಟಿನವರಿಗೆ ಯಾರು ಹೇಳಬೇಕು.

ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿಯನ್ನು ಸತ್ತ ಕೈಯ ಮೇಲೆ ಇಟ್ಟು ಫೋಟೋ ತೆಗೆಸಿಕೊಂಡರು. ಬುಟ್ಟಿ ಜಾರಿತು. ಆಕೆಯ ತುಟಿ ಅಲ್ಲಾಡಿದ್ದನ್ನು ಡಾಕ್ಟರು ನೋಡಿದರು. ಅಮ್ಮ ಏನೋ ಹೇಳಬೇಕೆಂದಿದ್ದಾರೆ, ಅವರ ಅನುಭವ ಕೇಳೋಣ ಎಂದು ಮೈಕನ್ನು ಆಕೆಯ ಎಡಗೈಗೆ ಕೊಟ್ಟರು.

"ಎದ್ದೋಗು."

ದನಿ ಭವನದ ತಗಡಿಗೆ ಬಡಿದು ವಾಪಸು ಬಂತು. ಗಂಟೆ ಹೊಡೆದ ಹಾಗೆ, ಆ ಭಾನುವಾರ ಗೋಡೆಯಾಚೆಯಿಂದ ಬಂದ ಹಾಗೆಯೇ ಇತ್ತು. ಡಾಕ್ಟರು ನಗುತ್ತ ಮೈಕಿಗೆ ಕೈ ಚಾಚಿದರು. ಆಕೆ ಕೊಡಲಿಲ್ಲ. ಅವರ ಮುಖವನ್ನೇ ನೋಡುತ್ತ ಇನ್ನೊಂದು ಸಲ ಹೇಳಿದಳು.

ಮೊದಲು ಎದ್ದದ್ದು ಸಿದ್ದಬಸಪ್ಪ. ವರ್ಷಗಟ್ಟಲೆ ಆ ಬೆಂಚಿನ ಮೇಲೆ ಕೂತು ಎದ್ದ ಮನುಷ್ಯ, ಮೊಣಕಾಲು ತಾನಾಗಿ ನೆಟ್ಟಗಾಗಿರಬೇಕು. ಕೊಡೆ ತೆಗೆದುಕೊಂಡು ಬಾಗಿಲ ಕಡೆ ನಡೆದ. ಅವನ ಹಿಂದೆ ಸಂಸೆಯ ಹೆಂಗಸರು ಎದ್ದರು. ಆಮೇಲೆ ಆ ಸಾಲು, ಅದರ ಹಿಂದಿನ ಸಾಲು. ಯಾರೂ ಕೂಗಲಿಲ್ಲ, ಯಾರೂ ನಗಲಿಲ್ಲ, ಕುರ್ಚಿ ಸರಿಯುವ ಸದ್ದು ಮಾತ್ರ. ಡಾಕ್ಟರು ಕೂತ್ಕೊಳ್ಳಿ, ಇನ್ನೂ ಮುಗಿದಿಲ್ಲ, ಊಟ ಇದೆ ಎನ್ನುತ್ತಿದ್ದರು. ಮೈಕ್ ಆಕೆಯ ಕೈಯಲ್ಲಿತ್ತು, ಅವರ ಮಾತು ಎರಡನೇ ಸಾಲಿಗೂ ಮುಟ್ಟಲಿಲ್ಲ. ಸೌಮ್ಯ ವೇದಿಕೆ ಹತ್ತಿ ಅತ್ತೆಯ ಕುರ್ಚಿ ತಿರುಗಿಸಿದಳು.

ಖಾಲಿ ಕುರ್ಚಿಗಳ ನಡುವೆ ನಾನೊಬ್ಬಳೇ ಕೂತಿದ್ದೆ, ಹಳೇ ಹಟ. ಸಿದ್ದಗಂಗಮ್ಮ ಕುರ್ಚಿಯಿಂದಲೇ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಮೈಕನ್ನು ಬಾಯಿಯ ಹತ್ತಿರ ತಂದಳು. ಆಕೆಯ ಒಂದು ಮಾತನ್ನೂ ನಾನು ಯಾವತ್ತೂ ಕೇಳಿದವಳಲ್ಲ. ಅವತ್ತು ಅದನ್ನು ಹೇಳಿಸಿಕೊಳ್ಳುವ ಮೊದಲೇ ಎದ್ದು, ಹೊರಗೆ ಹೋದೆ.